ಪೈಪಪ್ಪನ ಸಡಿಲ ಕೀಲುಗಳು

ಆಗೆಲ್ಲ ನಮ್ಮ ನೆಲೋಗಿಯಲ್ಲಿ ಚಳಿಗಾಲ ಬಂತೆಂದರೆ ಶಾಲೆ ಬಿಟ್ಟ ಮಕ್ಕಳು ನೆಟ್ಟಗೆ ಮನೆಗೆ ಹೋಗುತ್ತಿರಲಿಲ್ಲ. ಒಬ್ಬರ ಹೊಲದಲ್ಲಿ ಹಸಿ ಕಡಲೆ ಗಿಡ ಕಿತ್ತು ತಿನ್ನುತ್ತ, ಇನ್ನೊಬ್ಬರ ಹೊಲದಲ್ಲಿ ತೊಗರಿಕಾಯಿ ಜೇಬಿಗೆ ತುಂಬಿಕೊಳ್ಳುತ್ತ, ಬೈಸಿಕೊಂಡು ಓಡುತ್ತ, ಹೊತ್ತು ಮುಳುಗುವಾಗ ಮನೆ ಸೇರುತ್ತಿದ್ದೆವು. ನೀವೂ ಹಾಗೆ ಬೆಳೆದವರಾದರೆ ಕಡಲೆ ಗಿಡದ ಹುಳಿ ಬೆರಳಿಗಂಟಿ, ಮರುದಿನ ನೋಟುಬುಕ್ಕಿಗೂ ಅದೇ ವಾಸನೆ ಬರುತ್ತಿದ್ದದ್ದು ನೆನಪಿರುತ್ತದೆ. ಆದರೆ ನಾನು ಆರನೆಯ ಇಯತ್ತೆಯಲ್ಲಿದ್ದ ಆ ಚಳಿಗಾಲದಲ್ಲಿ ನನಗೆ ಕಡಲೆಯೂ ಬೇಡ, ಕುಂಟಾಬಿಲ್ಲೆಯೂ ಬೇಡ. ತಲೆಯೊಳಗೆ ಒಂದೇ ಕುಣಿಯುತ್ತಿತ್ತು, ರೋಬೋಟ್.

ಜೇವರ್ಗಿಯಲ್ಲಿ ಮಕ್ಕಳ ವಿಜ್ಞಾನ ಪ್ರದರ್ಶನ ಇದೆ, ಏನಾದರೂ ಅಲುಗಾಡುವಂಥದ್ದು ಮಾಡಿದವರನ್ನು ಕರೆದೊಯ್ಯುತ್ತೇನೆ ಎಂದು ವಿಜ್ಞಾನದ ಸರ್ ಹೇಳಿದ್ದರು. ಅವರ ಮಾತು ಮುಗಿಯುವ ಮೊದಲೇ ನಾನು ಎದ್ದು ನಿಂತು, ಆರು ಅಡಿಯ ರೋಬೋಟ್ ಮಾಡುತ್ತೇನೆ, ಅದು ಕೈ ಎತ್ತುತ್ತದೆ, ಮೊಣಕಾಲೂ ಮಡಚುತ್ತದೆ ಎಂದುಬಿಟ್ಟೆ. ಇಡೀ ತರಗತಿ ನಕ್ಕಿತು. ಸರ್ ನಗಲಿಲ್ಲ, ಅದಕ್ಕೇ ಅವರ ಮಾತು ಇನ್ನೂ ಹೆಚ್ಚು ಚುಚ್ಚಿತು. “ಮಾದೇವಿ, ನೀ ಶುರು ಮಾಡ್ತಿ. ಮುಗ್ಸಂಗಿಲ್ಲ,” ಅಂದರು.

ಸುಳ್ಳೇನಲ್ಲ. ನಮ್ಮ ಮನೆಯ ಗೂಡಿನಲ್ಲಿ ನಾನು ಅರ್ಧ ಹೆಣೆದ ಟೊಪ್ಪಿಗೆ, ಅರ್ಧ ಬಣ್ಣ ಹಚ್ಚಿದ ಚಿತ್ರ, ಒಂದೇ ಗಾಲಿಯ ಬಂಡಿ ಎಲ್ಲ ಬಿದ್ದಿದ್ದವು. ಕೂತಲ್ಲಿ ಕೂರದ ಹುಡುಗಿ ನಾನು. ಉಣ್ಣುವಾಗಲೂ ಎದ್ದು ಎರಡು ಸಲ ಬಾಗಿಲಿಗೆ ಹೋಗಿ ಬರುತ್ತಿದ್ದೆ. ಆದರೆ ಈ ಸಲ ಮುಗಿಸಿಯೇ ತೋರಿಸಬೇಕು, ಅದು ಎಲ್ಲರ ಮುಂದೆ ಕೈ ಎತ್ತಬೇಕು ಎಂಬ ಹಟ ನನ್ನನ್ನು ಹಿಡಿಯಿತು.

ಜೊತೆಗೆ ನನ್ನ ಗೆಳತಿ ರಜಿಯಾ ಇದ್ದಳು. ಅವಳ ಅಪ್ಪನದು ಸೈಕಲ್ ಅಂಗಡಿ. ಹಳೆಯ ಬ್ರೇಕ್ ವಾಯರು, ಬ್ರೇಕ್ ಹಿಡಿಕೆ, ನಟ್ಟು, ಬೋಲ್ಟು, ಗ್ರೀಸು ಅವಳ ಕಡೆಯಿಂದ. ಪೈಪು ನನ್ನ ಕಡೆಯಿಂದ, ಏಕೆಂದರೆ ನನ್ನಪ್ಪ ಪೈಪ್‌ಲೈನ್ ಹಾಕುವವನು. ಬೋರಿನಿಂದ ಹೊಲಕ್ಕೆ, ಹೊಳೆಯಿಂದ ಹೊಲಕ್ಕೆ ಅಪ್ಪ ಹಾಕಿದ ಲೈನು ಒಂದು ಹನಿಯೂ ಸೋರದು ಎಂದು ಇಜೇರಿಯ ಕಡೆಯವರೂ ಬಂದು ಕರೆದೊಯ್ಯುತ್ತಿದ್ದರು. ಆ ತಿಂಗಳಂತೂ ಜೋಳಕ್ಕೆ ನೀರು ಬಿಡುವ ಗಡಿಬಿಡಿ. ಅಪ್ಪ ಮನೆಯಲ್ಲಿ ಕಾಣುತ್ತಲೇ ಇರಲಿಲ್ಲ. ಕಂಡರೂ ನಮ್ಮ ಕೆಲಸದ ಕಡೆ ಒಮ್ಮೆ ಕಣ್ಣು ಹಾಯಿಸಿ, ಕೈಕಾಲು ತೊಳೆದು ಉಣ್ಣಲು ಕೂರುತ್ತಿದ್ದ. ಹತ್ತಿರ ಬಂದು ಕೂತು ನೋಡಲಿ ಎಂದು ನನಗೆ ಎಷ್ಟು ಆಸೆ ಇತ್ತೆಂದರೆ, ಅವನು ಬರುವ ಹೊತ್ತಿಗೆ ಬೇಕೆಂದೇ ಸುತ್ತಿಗೆಯಿಂದ ಸದ್ದು ಮಾಡುತ್ತಿದ್ದೆ.

ಖಾಲಿ ಎಣ್ಣೆ ಕ್ಯಾನು ಎದೆಯಾಯಿತು. ಬಣ್ಣದ ಬಕೆಟ್ಟು ಬೋರಲು ಹಾಕಿದರೆ ತಲೆ. ಕೈಕಾಲು ಪೈಪಿನವು. ಭುಜಕ್ಕೆ, ಮೊಣಕೈಗೆ, ಮೊಣಕಾಲಿಗೆ ಎಲ್ಬೋಗಳು, ಲೈನು ತಿರುಗುವಲ್ಲಿ ಎರಡು ಪೈಪು ಕೂಡಿಸಲು ಹಾಕುವ ಬಾಗಿದ ತುಂಡುಗಳು. ಹೊಸ ಎಲ್ಬೋದೊಳಗೆ ಪೈಪು ಬಿಗಿಯಾಗಿ ಕೂರುತ್ತದೆ, ತಿರುಗುವುದಿಲ್ಲ. ಅದಕ್ಕೆ ಪೈಪಿನ ತುದಿಯನ್ನು ಉಜ್ಜುವ ಕಾಗದದಿಂದ ತಿಕ್ಕಿ ತಿಕ್ಕಿ, ಗ್ರೀಸು ಸವರಿ, ಸಲೀಸಾಗಿ ತಿರುಗುವಂತೆ ಮಾಡಬೇಕು. ಒಂದೊಂದು ಕೀಲಿಗೆ ಎರಡೆರಡು ಸಂಜೆ. ಬಿಳಿ ಪುಡಿ ಮೂಗಿನೊಳಗೆ, ತಲೆಯೊಳಗೆ, ಅವ್ವ ಕೊಟ್ಟ ಶೇಂಗಾ ಹಿಂಡಿ ರೊಟ್ಟಿಯ ಮೇಲೆ. ನನಗೆ ಎಂಟು ದಿನಕ್ಕೇ ಸಾಕಾಗಿ ಎದ್ದು ಹೋಗುತ್ತಿದ್ದೆ, ಮತ್ತೆ ಕಾಲುಗಳು ತಾವಾಗಿ ತಿರುಗಿ ಬರುತ್ತಿದ್ದವು. ರಜಿಯಾ ಮಾತ್ರ ತಲೆ ಎತ್ತದೆ ತಿಕ್ಕುತ್ತಿದ್ದಳು. ಅಂಗಳದಲ್ಲಿ ಅಡ್ಡವಾಗಿ ಬಿದ್ದ ಆ ದೇಹವನ್ನು ದಾಟಿ ದಾಟಿ ಬೇಸತ್ತ ಅವ್ವ, ಈ ಪೈಪಪ್ಪನ್ನ ಗೋಡೆಗೆ ನಿಲ್ಲಿಸಿರಿ ಎಂದು ಬೈದಳು. ಅಂದಿನಿಂದ ಅವನ ಹೆಸರು ಅದೇ ಆಯಿತು.

ಕೊನೆಗೊಂದು ಸಂಜೆ ಬ್ರೇಕ್ ಹಿಡಿಕೆ ಒತ್ತಿದೆ. ಕೈಗೆ ಕಟ್ಟಿದ್ದ ವಾಯರು ಬಿಗಿಯಿತು, ಪೈಪಪ್ಪನ ಬಲಗೈ ನಡುಗುತ್ತ ಮೇಲಕ್ಕೆ ಬಂತು. ರಜಿಯಾ ಇನ್ನೊಮ್ಮೆ ಒತ್ತಿ ನೋಡಿದಳು, ಮತ್ತೆ ಎದ್ದಿತು. ನಾನು ಏನನ್ನೋ ಪೂರ್ತಿ ಮಾಡಿದ್ದು ಅದೇ ಮೊದಲು.

ಪ್ರದರ್ಶನದ ಹಿಂದಿನ ದಿನ ಶಾಲೆಯಿಂದ ಬಂದಾಗ ಅಪ್ಪ ಅಂಗಳದಲ್ಲೇ ಕೂತಿದ್ದ. ಕೆಲಸ ಬಿಟ್ಟು ಮಧ್ಯಾಹ್ನವೇ ಬಂದಿದ್ದನಂತೆ. ಮೂಗಿಗೆ ಅಂಟಿನ ಘಾಟು ಬಡಿಯಿತು. ಪೈಪು ಜೋಡಿಸುವಾಗ ಹಚ್ಚುವ ಆ ಸಲ್ಯೂಷನ್ನಿನ ವಾಸನೆ ನನಗೆ ಹುಟ್ಟಿದಾಗಿನಿಂದ ಗೊತ್ತು, ಅದು ಅಪ್ಪನ ಅಂಗಿಯ ವಾಸನೆ. ಅಪ್ಪ ಎದ್ದು, ನನ್ನ ಮುಖ ನೋಡಿ ಹಿಗ್ಗಿದ.

“ಎಲ್ಲಾ ಜಾಯಿಂಟ್ ಸಡ್ಲ ಇದ್ವು ನನ್ನವ್ವಾ. ಟೆಂಪೋದಾಗ ಹಾಕಿದ್ರ ಜೇವರ್ಗಿ ಮುಟ್ಟೋದ್ರಾಗ ಉದುರಿ ಹೋಗ್ತಿದ್ವು. ಈಗ ಎಲ್ಲಿಗಾದ್ರೂ ಒಯ್ರಿ, ಒಂದೂ ಕದಲಂಗಿಲ್ಲ.”

ಸೀಮೆಎಣ್ಣೆಯ ಬಟ್ಟೆಯಿಂದ ನಮ್ಮ ಗ್ರೀಸನ್ನೆಲ್ಲ ಒರೆಸಿ, ಒಂದೊಂದು ಕೀಲಿಗೂ ಸಲ್ಯೂಷನ್ ಹಚ್ಚಿ, ಹೊಲದ ಲೈನಿಗೆ ಮಾಡುವಷ್ಟೇ ಶ್ರದ್ಧೆಯಿಂದ ಒತ್ತಿ ಹಿಡಿದು ಕೂರಿಸಿದ್ದ. ಸಡಿಲ ಜಾಯಿಂಟ್ ಎಂದರೆ ಅವನ ಬದುಕಿನಲ್ಲಿ ಒಂದೇ ಅರ್ಥ, ತಪ್ಪು. ಹಿಡಿಕೆ ಒತ್ತಿದೆ. ವಾಯರು ಕಿರುಗುಟ್ಟಿತು, ಕೈ ಏಳಲಿಲ್ಲ. ಇನ್ನೂ ಜೋರಾಗಿ ಒತ್ತಿದೆ. ವಾಯರು ಹರಿದು ನನ್ನ ಬೆರಳಿಗೆ ಬಡಿಯಿತು.

ಅಪ್ಪನ ಮುಖ ನಿಧಾನಕ್ಕೆ ಬದಲಾಯಿತು. ಅವನಿಗೆ ಅರ್ಥವಾಗಿತ್ತು. ನಾನು ಅಷ್ಟಕ್ಕೆ ಬಿಡಬಹುದಿತ್ತು. ಬಿಡಲಿಲ್ಲ. ಅವ್ವ, ರಜಿಯಾ, ಅಪ್ಪನ ಜೊತೆ ಕೆಲಸ ಮಾಡುವ ಇಬ್ಬರು, ಎಲ್ಲರೂ ನಿಂತಿದ್ದರು.

“ನಿನಗೇನ್ ತಿಳೀತದ? ನೀ ಬರೇ ನೀರಿನ ಪೈಪ್ ಜೋಡ್ಸಾಂವ. ಇನ್ನ ನಂದು ಏನೂ ಮುಟ್ಟಬ್ಯಾಡ.”

ಅವ್ವ ನನ್ನ ಬೆನ್ನಿಗೆ ಒಂದು ಬಿಟ್ಟಳು. ಅಪ್ಪ ಅವಳನ್ನು ತಡೆದ. ಒಂದು ರಾತ್ರಿ ಕೊಡು, ಭುಜದ ಹತ್ತಿರ ಕೊಯ್ದು ಹೊಸ ಎಲ್ಬೋ ಹಾಕಿ, ತಿಕ್ಕಿ ಮೊದಲಿನ ಹಾಗೆ ಮಾಡುತ್ತೇನೆ ಎಂದು ನನ್ನನ್ನು ಕೇಳಿಕೊಂಡ. ನಾನು ಗರಗಸವನ್ನು ಅವನ ಕೈಯಿಂದ ಕಿತ್ತುಕೊಂಡೆ. ನಾನೂ ರಜಿಯಾಳೂ ಸೇರಿ ನಾವೇ ಕೊಯ್ದೆವು. ಬ್ಲೇಡು ಸೊಟ್ಟ ಹೋಯಿತು. ತುದಿಯನ್ನು ಆದಷ್ಟು ತಿಕ್ಕಿ, ಹೊಸ ಎಲ್ಬೋದೊಳಗೆ ಹೇಗೋ ತುರುಕಿ, ಹೊಸ ವಾಯರು ಕಟ್ಟಿದೆವು. ಮೊಣಕಾಲಿನ ಆಸೆ ಬಿಟ್ಟೆವು. ಕೈಯಾದರೂ ಅರ್ಧ ಎದ್ದಿತು.

ಜೇವರ್ಗಿಯಲ್ಲಿ ನಮ್ಮ ಪೈಪಪ್ಪನ ಮುಂದೆ ಗುಂಪು ಕೂಡಿತ್ತು. ಮೊದಲ ಎರಡು ಸಲ ಕೈ ಎದ್ದಿತು, ಮಕ್ಕಳು ಚಪ್ಪಾಳೆ ಹೊಡೆದರು. ನೋಡಲು ಬಂದ ಬೇರೆ ಶಾಲೆಯ ಮೇಷ್ಟರೊಬ್ಬರು ತಾವೇ ಹಿಡಿಕೆ ಒತ್ತಿದಾಗ ಭುಜದ ಸೊಟ್ಟ ಜಾಯಿಂಟು ಕಳಚಿ, ಇಡೀ ಕೈ ನೆಲಕ್ಕೆ ಬಿತ್ತು. ಜನ ನಕ್ಕರು. ತಲೆ ಎತ್ತಿದರೆ ಬಾಗಿಲಲ್ಲಿ ಅಪ್ಪ. ಬರುತ್ತೇನೆಂದು ಹೇಳಿರಲಿಲ್ಲ, ನಮ್ಮ ಹಿಂದೆಯೇ ಬಸ್ಸು ಹತ್ತಿ ಬಂದಿದ್ದಾನೆ. ಕೈಚೀಲದಿಂದ ಹೊಸ ಎಲ್ಬೋ ತೆಗೆದುಕೊಂಡು ಎರಡು ಹೆಜ್ಜೆ ಮುಂದೆ ಬಂದವನು ನಿಂತುಬಿಟ್ಟ. ನನ್ನ ಕಡೆ ನೋಡಿದ. ನಾನು ಬಾ ಎನ್ನುತ್ತೇನೋ ಬೇಡ ಎನ್ನುತ್ತೇನೋ ಎಂದು ಕಾದ. ನಾನು ಮುಖ ತಿರುಗಿಸಿದೆ. ಮತ್ತೆ ನೋಡುವಷ್ಟರಲ್ಲಿ ಬಾಗಿಲಲ್ಲಿ ಯಾರೂ ಇರಲಿಲ್ಲ.

ಈಗ ನಾನು ಅಫಜಲಪುರದಲ್ಲಿ ಮಕ್ಕಳಿಗೆ ವಿಜ್ಞಾನ ಹೇಳುತ್ತೇನೆ. ಅವರು ತರುವ ರೋಬೋಟುಗಳು ಡಬ್ಬಿಯಲ್ಲಿ ಸಿದ್ಧವಾಗಿ ಬರುತ್ತವೆ, ಎಲ್ಲ ಕೀಲುಗಳೂ ಮೊದಲೇ ಸರಿಯಾಗಿ ತಿರುಗುತ್ತವೆ. ಯಾರ ಅಪ್ಪನೂ ಅದರಲ್ಲಿ ತಪ್ಪು ಮಾಡುವ ಹಾಗಿಲ್ಲ. ಅದನ್ನು ನೋಡುವಾಗ ಒಂದು ಕಡೆ ನಿಲ್ಲಲಾಗುವುದಿಲ್ಲ, ತರಗತಿಯಲ್ಲಿ ಸುಮ್ಮನೆ ಆ ಕಡೆ ಈ ಕಡೆ ತಿರುಗುತ್ತೇನೆ.

ಅಪ್ಪ ಆಗಾಗ ಬಂದು ನಾಲ್ಕು ದಿನ ನಮ್ಮ ಮನೆಯಲ್ಲಿರುತ್ತಾನೆ. ಅಂದು ನಾನಾಡಿದ ಮಾತಿಗೆ ಒಂದು ದಿನವೂ ಸಿಟ್ಟು ತೋರಿಸಿದವನಲ್ಲ. ಕಳೆದ ಸಲ ಅಡುಗೆಮನೆಯ ನಲ್ಲಿ ಸೋರುತ್ತಿತ್ತು. ನಾನು ಶಾಲೆಗೆ ಹೋಗಿ ಬರುವವರೆಗೂ ಅದರ ಕೆಳಗೆ ಪಾತ್ರೆ ಇಟ್ಟು, ತುಂಬಿದಾಗಲೆಲ್ಲ ಚೆಲ್ಲುತ್ತ ಕೂತಿದ್ದ. ನಾನು ಒಳಗೆ ಬಂದ ಕೂಡಲೇ ಎದ್ದು ನಿಂತು, “ಮುಟ್ಲೇನವ್ವಾ?” ಎಂದು ಕೇಳಿದ.

ಇದನ್ನೇನು ಕೇಳುತ್ತೀಯಪ್ಪಾ ಎಂದೆ. ನಕ್ಕ. ಮುಂದಿನ ಸಲವೂ ಕೇಳುತ್ತಾನೆ. ಕೇಳದೆ ನನ್ನ ಸಾಮಾನಿಗೆ ಕೈ ಹಾಕುವ ಅಪ್ಪ ನನಗಿದ್ದದ್ದು ಆರನೆಯ ಇಯತ್ತೆಯವರೆಗೆ ಮಾತ್ರ.