ಹೆರಾಲ್ಡಿನ ಅಡಿಯ ಬೆಸುಗೆ

ನಾಯ್ಮಾರ್ಮೂಲೆಯ ಪುರಂದರ ಮೊಟ್ಟೆ ಕೊಂಡರೂ ಬಿಸಿಲಿಗೆ ಹಿಡಿದು ನೋಡುವವನೆಂದು ಹೆಸರಾಗಿದ್ದ. ಬಸ್ಸಿನ ಕಂಡಕ್ಟರ್ ಚಿಲ್ಲರೆ ಆಮೇಲೆ ಕೊಡುತ್ತೇನೆ ಎಂದರೆ ಇಳಿಯುವವರೆಗೂ ಆತನ ಬೆನ್ನಿನಿಂದ ಕಣ್ಣು ತೆಗೆಯುತ್ತಿರಲಿಲ್ಲ. ಹೆಂಡತಿ ನಮಿತಾ ಸಾರಿಗೆ ಉಪ್ಪು ಹಾಕಿದ್ದೇನೆ ಎಂದರೂ ಒಂದು ಚಮಚ ಬಾಯಿಗೆ ಬಿಟ್ಟುಕೊಂಡ ಮೇಲೆಯೇ ಅನ್ನಕ್ಕೆ ಬಡಿಸಿಕೊಳ್ಳುತ್ತಿದ್ದ.

ಈ ಗುಣ ಅವನಿಗೆ ಪ್ರಾಯಕ್ಕೆ ಬಂದ ಮೇಲೆ ಅಂಟಿದ್ದು. ಏಜೆಂಟನೊಬ್ಬ ಗಲ್ಫಿನ ಅಜ್ಮಾನಿನಲ್ಲಿ ಮೆಕ್ಯಾನಿಕ್ ಕೆಲಸ ಎಂದು ನಂಬಿಸಿ ವಿಮಾನ ಹತ್ತಿಸಿದ್ದ. ಅಲ್ಲಿ ಇಳಿದರೆ ಕೈಗೆ ಬಕೆಟು, ಬಟ್ಟೆ ಕೊಟ್ಟು ಬಿಸಿಲಲ್ಲಿ ಕಾರು ತೊಳೆಯಲು ನಿಲ್ಲಿಸಿದರು. ಗ್ಯಾರೇಜಿನ ಒಳಗೆ ಕಾಲಿಡಲು ಒಂದು ವರ್ಷ ಬೇಕಾಯಿತು. ಮುಂದೆ ಒಳ್ಳೆಯ ಕೆಲಸಗಾರನಾದ, ಗಳಿಸಿದ, ಊರಿಗೆ ಮರಳಿ ಮನೆ ಕಟ್ಟಿದ, ಅನಂತಪುರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಗೇಟು, ಮಾಡಿನ ಟ್ರಸ್ಸು ಮಾಡುವ ಒಂದು ಶೆಡ್ಡಿನಲ್ಲಿ ಮೇಸ್ತ್ರಿಯಾದ. ಆದರೆ ಮನುಷ್ಯನ ಮಾತಿನ ಮೇಲಿನ ನಂಬಿಕೆ ಮಾತ್ರ ಅವನ ಜೊತೆ ಊರಿಗೆ ಬರಲಿಲ್ಲ.

ಅವನಿಗೆ ಒಂದೇ ಒಂದು ಹುಚ್ಚಿತ್ತು. ಚಿಕ್ಕಂದಿನಲ್ಲಿ ಕಾಸರಗೋಡಿನಲ್ಲಿ ಡಾಕ್ಟರರೊಬ್ಬರ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರು ನೋಡಿದ್ದ. ಅದರ ಬಾನೆಟ್ಟು ಮಡ್‌ಗಾರ್ಡುಗಳ ಸಮೇತ ಮೊಸಳೆ ಬಾಯಿ ತೆರೆದಂತೆ ಮುಂದಕ್ಕೆ ಎದ್ದಾಗ ಚಕ್ರ, ಸ್ಪ್ರಿಂಗು, ಇಂಜಿನ್ ಎಲ್ಲವೂ ಬಯಲಾಗುತ್ತಿದ್ದವು. ಏನನ್ನೂ ಮುಚ್ಚಿಡದ ಆ ಕಾರು ಅವನಿಗೆ ಬಹಳ ಹಿಡಿಸಿತ್ತು. ಮನೆಯ ಬದಿಗೆ ಶೀಟು ಹಾಕಿ ಗ್ಯಾರೇಜು ಕಟ್ಟಿದ್ದೇ ಅಂಥದೊಂದನ್ನು ತಂದು ಬಿಚ್ಚಿ ಜೋಡಿಸಬೇಕೆಂದು.

ಎರಡು ಸಾವಿರದ ಹದಿಮೂರರಲ್ಲಿ ಕುಂಬ್ಡಾಜೆಯ ಭಟ್ಟರ ಮನೆಯಲ್ಲಿ ಒಂದು ಹೆರಾಲ್ಡ್ ನಿಂತಲ್ಲೇ ಇದೆಯೆಂದು ಟಯರು ಅಂಗಡಿಯವರೊಬ್ಬರು ಹೇಳಿದರು. ಪುರಂದರ ಮರುದಿನವೇ ಹೋದ. ಮನೆಯ ಯಜಮಾನ ವಿಷ್ಣುಪ್ರಸಾದ, ನಲವತ್ತೈದರ ಆಸುಪಾಸಿನವ, ಕೊಟ್ಟಿಗೆಯ ಮೂಲೆಯಲ್ಲಿ ಟಾರ್ಪಾಲು ಸರಿಸಿದ.

"ನಮ್ಮ ಅಪ್ಪ ವೆಂಕಟಕೃಷ್ಣ ಭಟ್ರು ಹೊಸತೇ ತೆಗೊಂಡದ್ದು. ಅವರು ಬಿಟ್ಟರೆ ಬೇರೆಯವರ ಕೈ ಸ್ಟೇರಿಂಗಿಗೆ ತಾಗಿದ್ದಿಲ್ಲ. ಒಂದು ಕಡೆ ಗುದ್ದಿದ್ದು ಇಲ್ಲ, ಉಜ್ಜಿದ್ದು ಇಲ್ಲ."

"ಅಡಿಯಲ್ಲಿ ವೆಲ್ಡಿಂಗ್ ಎಂತಾದ್ರೂ ಉಂಟಾ ಭಟ್ರೆ?"

"ಎಂತದ್ದೂ ಇಲ್ಲ ಮಾರಾಯ. ನಮ್ಮ ಅಪ್ಪ ಸುಳ್ಳು ಹೇಳುವ ಜನ ಅಲ್ಲ."

ಇಷ್ಟು ಸರಿಯಾಗಿಯೇ ಇತ್ತು. ಆದರೆ ಮಾತು ಮುಗಿಯುತ್ತಿದ್ದಂತೆ ವಿಷ್ಣುಪ್ರಸಾದ ದನಿ ತಗ್ಗಿಸಿದ. "ಗುರುವಾರ ಮಧ್ಯಾಹ್ನ ಬಂದು ಕೊಂಡುಹೋಗು. ಬೇರೆ ದಿನ ಬೇಡ. ಮನೆಯ ಫೋನಿಗೆ ಮಾಡಬೇಡ, ನನ್ನ ಮೊಬೈಲಿಗೆ ಮಾಡು."

ಗುರುವಾರ ಪಿಕಪ್ಪಿಗೆ ಕಾರು ಹೇರುವಾಗ ವಿಷ್ಣುಪ್ರಸಾದ ಮತ್ತೆ ಮತ್ತೆ ಗೇಟಿನತ್ತ ನೋಡುತ್ತಿದ್ದ. ಕಾಗದಪತ್ರ ಸರಿಯಿತ್ತು, ಚಾಸಿಯ ನಂಬರು ತಾಳೆಯಾಗುತ್ತಿತ್ತು. ಹಾಗಿದ್ದರೆ ತನ್ನದೇ ಮನೆಯ ಕಾರನ್ನು ಕದ್ದು ಸಾಗಿಸುವವರ ಹಾಗೆ ಯಾಕೆ ಮಾರಬೇಕು? ದಾರಿಯುದ್ದಕ್ಕೂ ಪುರಂದರನ ತಲೆಯಲ್ಲಿ ಇದೇ ಕೊರೆಯಿತು.

ಹೆರಾಲ್ಡಿನ ಮೈಯನ್ನು ಬೋಲ್ಟು ಬಿಚ್ಚಿ ಅಡಿಯ ಚೌಕಟ್ಟಾದ ಚಾಸಿಯಿಂದ ಪೂರ್ತಿ ಎತ್ತಿಬಿಡಬಹುದು. ಎಸ್ಟೇಟಿನಲ್ಲಿ ಜೊತೆಗೆ ದುಡಿಯುವ ವೆಲ್ಡರ್ ಸುಧೀರ್ ಭಾನುವಾರ ಬಂದ, ಅಕ್ಕಪಕ್ಕದವರೂ ಕೈಕೊಟ್ಟರು. ಮೈಯನ್ನು ಅಂಗಳದಲ್ಲಿ ಮಂಚದ ಮೇಲಿಟ್ಟ ಹಾಗೆ ಇಟ್ಟಾಯಿತು. ಗ್ಯಾರೇಜಿನೊಳಗೆ ಉಳಿದದ್ದು ಬರೀ ಅಸ್ಥಿಪಂಜರ: ಉದ್ದಕ್ಕೆ ಎರಡು ಕಬ್ಬಿಣದ ತೊಲೆ, ಮೈಯನ್ನು ಹೊರಲು ಬದಿಗೆ ಚಾಚಿದ ಕೈಗಳು, ಹಿಂದೆ ಅಡ್ಡಕ್ಕೆ ಕೂತ ಒಂದೇ ಲೀಫ್ ಸ್ಪ್ರಿಂಗು, ಮುಂದೆ ಎರಡು ಸುರುಳಿ ಸ್ಪ್ರಿಂಗು. ಬದಿಯ ಕೈಗಳು ತುಕ್ಕು ಹಿಡಿದು ಹಪ್ಪಳವಾಗಿದ್ದವು. ಬುಶ್ಶುಗಳ ರಬ್ಬರು ಮುಟ್ಟಿದರೆ ಪುಡಿಯಾಗುತ್ತಿತ್ತು. ಅದೆಲ್ಲ ನಿರೀಕ್ಷಿಸಿದ್ದೇ.

ಬಲಗಡೆಯ ತೊಲೆಯ ಮುಂತುದಿಯಲ್ಲಿ ಮಾತ್ರ ಟಾರು ಬಹಳ ದಪ್ಪಗೆ ಕೂತಿತ್ತು. ಎಡಗಡೆ ಅಷ್ಟಿರಲಿಲ್ಲ. ಪುರಂದರ ಉಳಿಯಿಂದ ಟಾರು ಎಬ್ಬಿಸಿ ಗ್ರೈಂಡರಿಗೆ ತಂತಿಯ ಬ್ರಶ್ಶು ಹಾಕಿ ತಿಕ್ಕಿದ. ಅಡಿಯಲ್ಲಿ ಅಂಗೈ ಅಗಲದ ಒಂದು ತೇಪೆ ಕಾಣಿಸಿತು. ಸುತ್ತಲೂ ಬೆಸುಗೆ.

ಸುಧೀರ್ ಬಗ್ಗಿ ನೋಡಿದ. "ಇದು ಹಳೇ ಕೆಲಸ. ಗ್ಯಾಸ್ ವೆಲ್ಡಿಂಗ್. ಒಳ್ಳೆ ಕೈಯವ ಮಾಡಿದ್ದು."

"ಒಳ್ಳೆ ಕೈಯವ ಟಾರು ಬಳಿದು ಅಡಗಿಸುದು ಎಂತಕ್ಕೆ?"

"ತುಕ್ಕು ಹಿಡಿಯದೆ ಇರ್ಲಿಕ್ಕೆ ಆಗಿರ್ಬಹುದು."

ಆಗಿರಬಹುದು ಎಂಬ ಮಾತು ಪುರಂದರನಿಗೆ ಆಗುತ್ತಿರಲಿಲ್ಲ. ಚಾಸಿಯನ್ನು ಸ್ಟ್ಯಾಂಡಿನ ಮೇಲೆ ಮಟ್ಟ ಮಾಡಿ, ನಾಲ್ಕು ಮೂಲೆಯ ತೂತುಗಳಿಂದ ತೂಗುಗುಂಡು ಇಳಿಬಿಟ್ಟು ನೆಲಕ್ಕೆ ಸೀಮೆಸುಣ್ಣದ ಗುರುತು ಹಾಕಿದ. ಮೂಲೆಯಿಂದ ಮೂಲೆಗೆ ದಾರ ಎಳೆದು ಅಳೆದರೆ ಎರಡು ಅಳತೆಗಳು ಹೊಂದಲಿಲ್ಲ. ಬಲ ಮೂಲೆ ಹಿಂದಕ್ಕೆ ಸರಿದಿತ್ತು. ಚಕ್ರ ನೆಟ್ಟಗೆ ನಿಲ್ಲಲೆಂದು ಆ ಬದಿಯ ಸಸ್ಪೆನ್ಶನ್ನಿಗೆ ಯಾರೋ ಹೆಚ್ಚುವರಿ ತಗಡಿನ ತುಂಡುಗಳನ್ನು ಕೊಟ್ಟಿದ್ದರು. ಗುದ್ದಿದ್ದು ಗಟ್ಟಿಯಾಗಿಯೇ ಗುದ್ದಿದೆ. ಯಾರಿಗೆ?

ಫೋನು ಮಾಡಿದರೆ ವಿಷ್ಣುಪ್ರಸಾದ ಮೊದಲು ರೇಗಿದ. "ವೆಲ್ಡಿಂಗಾ? ಸಾಧ್ಯವೇ ಇಲ್ಲ." ಆಮೇಲೆ ಅವನ ದನಿ ಪಿಸುಮಾತಿಗಿಳಿಯಿತು. "ನೋಡು, ಅದನ್ನು ಕೇಳ್ಲಿಕ್ಕೆ ಅಂತ ನೀನು ಮನೆಗೆ ಬರಬೇಡ. ದಮ್ಮಯ್ಯ." ಲೈನು ಕಟ್ಟಾಯಿತು.

ಬರಬೇಡ ಎಂದ ಮೇಲೆ ಪುರಂದರ ಹೋಗದಿರುವುದುಂಟೇ? ಭಟ್ಟರ ಮನೆಯ ತಿರುವಿನಲ್ಲಿ ಬೈಕು ನಿಲ್ಲಿಸಿ ಎದುರಿನ ಗೂಡಂಗಡಿಯಲ್ಲಿ ಸೋಡಾ ಕುಡಿಯುತ್ತ ಕೂತ. ಬೆಂಚಿನ ಆ ತುದಿಯಲ್ಲಿ ಒಬ್ಬ ಮುದುಕ ಕೂತಿದ್ದ. ಲೋಕಯ್ಯ ಎಂದು ಹೆಸರು, ಭಟ್ಟರ ಮನೆಯಲ್ಲಿ ಎಳವೆಯಿಂದ ದುಡಿದವ ಎಂದು ಅಂಗಡಿಯವನು ಹೇಳಿದ. ಎದ್ದು ನಡೆಯುವಾಗ ಬಲಗಾಲನ್ನು ಎಳೆಯುತ್ತಿದ್ದ.

"ಲೋಕಯ್ಯಣ್ಣ, ಭಟ್ರ ಹೆರಾಲ್ಡ್ ನಿಮಗೆ ಗೊತ್ತುಂಟಲ್ಲ? ಅದು ಯಾವಾಗ ಗುದ್ದಿದ್ದು?"

ಮುದುಕನ ಮುಖದಲ್ಲಿದ್ದ ನಗೆ ಆರಿತು. "ಯಾವ ಕಾರು? ನನಗೆ ಕಾರಿನ ವಿಷಯ ಎಂತ ಗೊತ್ತು?"

"ನಿಮ್ಮ ಕಾಲಿಗೆ ಎಂತಾದ್ದು?"

"ಹಳೇ ಪೆಟ್ಟು," ಎಂದವನೇ ಲೋಕಯ್ಯ ಕಾಲೆಳೆಯುತ್ತ ಒಳದಾರಿ ಹಿಡಿದ.

ಪುರಂದರನಿಗೆ ಲೆಕ್ಕ ಕೂಡಿತು. ಮುಚ್ಚಿದ ಬೆಸುಗೆ, ಬಗ್ಗಿದ ತೊಲೆ, ಮುರಿದ ಕಾಲು, ಬಾಯಿ ಬಿಡದ ಆಳು, ಪಿಸುಗುಟ್ಟುವ ಮಗ. ಊರಿನ ದೊಡ್ಡ ಮನೆಯವರು ಒಬ್ಬ ಬಡವನನ್ನು ಗುದ್ದಿ ಅವನ ಬಾಯಿ ಕಟ್ಟಿಸಿದ್ದಾರೆ. ಮನೆಗೆ ಬಂದವನು ಚಾಸಿಗೆ ಟಾರ್ಪಾಲು ಹೊದೆಸಿದ. ಸ್ಪ್ಯಾನರು ಮುಟ್ಟಲಿಲ್ಲ. ಒಂದು ವಾರ ಹಾಗೆಯೇ ಕಳೆಯಿತು.

ನಮಿತಾ ಬಟ್ಟೆ ಒಣಹಾಕುತ್ತ ಕೇಳಿದಳು. "ಎಂತ, ಕಾರಿಗೆ ಸೂತಕವಾ?"

ಅವನು ಎಲ್ಲವನ್ನೂ ಹೇಳಿದ.

"ಆ ಅಜ್ಜನ ಹತ್ತಿರ ಸರಿಯಾಗಿ ಕೇಳಿದ್ದೀರಾ? ಇಲ್ಲ ನೀವೇ ಕೋರ್ಟು, ನೀವೇ ಪೊಲೀಸಾ?"

ಚುಚ್ಚಿದ ಹಾಗಾಯಿತು. ಮತ್ತೆ ಕುಂಬ್ಡಾಜೆಗೆ ಹೋಗಿ ಲೋಕಯ್ಯನ ಮನೆ ಹುಡುಕಿದ. ಜಗಲಿಯಲ್ಲಿ ಸೋಗೆ ಹೆಣೆಯುತ್ತಿದ್ದ ಮುದುಕನ ಎದುರು ನಿಂತು ನೇರವಾಗಿ ಕೇಳಿದ. "ಭಟ್ರ ಕಾರು ನಿಮ್ಮ ಕಾಲಿನ ಮೇಲೆ ಹೋದದ್ದಲ್ವಾ? ಹೆದರ್ಬೇಡಿ, ನಾನುಂಟು."

ಲೋಕಯ್ಯ ಗೊಳ್ಳನೆ ನಕ್ಕ. ನಕ್ಕು ನಕ್ಕು ಕೆಮ್ಮು ಬಂತು. "ಅಯ್ಯೋ ದೇವರೇ. ನಾನು ಅಡಿಕೆಗೆ ಮದ್ದು ಬಿಡ್ಲಿಕ್ಕೆ ಕಂಗಿಗೆ ಹತ್ತಿ ಬಿದ್ದದ್ದು ಮಾರಾಯ. ಈ ಊರಿಡೀ ನೋಡಿದೆ. ಆಸ್ಪತ್ರೆಗೆ ಕೊಂಡೋದದ್ದು ಆ ಕಾರಿನಲ್ಲೇ."

"ಹಾಗಾದ್ರೆ ಕಾರು ಗುದ್ದಿದ್ದು ಎಲ್ಲಿಗೆ?"

ನಗು ನಿಂತಿತು. "ಅದು ನಾನು ಹೇಳುವ ಮಾತಲ್ಲ."

ಪುರಂದರ ಬರಿಗೈಯಲ್ಲಿ ಮರಳಿದ. ಒಂದು ಅನುಮಾನ ಸತ್ತಿತ್ತು, ಅದರ ಜಾಗದಲ್ಲಿ ಇನ್ನಷ್ಟು ದೊಡ್ಡದು ಎದ್ದಿತ್ತು. ಲೋಕಯ್ಯನಿಗಲ್ಲದಿದ್ದರೆ ಇನ್ಯಾರಿಗೋ ತಾಗಿದೆ. ಆ ಯಾರೋ ಬದುಕಿ ಉಳಿದಿಲ್ಲವೋ ಏನೋ.

ಮೂರ್ನಾಲ್ಕು ದಿನ ಕಳೆದು, ಬೆಳಗ್ಗೆ ಮನೆಯೆದುರು ಒಂದು ಆಟೋ ನಿಂತಿತು. ಮೊದಲು ಇಳಿದವಳು ವಿಷ್ಣುಪ್ರಸಾದನ ಹೆಂಡತಿ ರಂಜನಿ. ಅವಳ ಕೈ ಹಿಡಿದು ಎಪ್ಪತ್ತು ಸಮೀಪಿಸಿದ ಒಬ್ಬ ಹೆಂಗಸು ಇಳಿದರು. ವಿಷ್ಣುಪ್ರಸಾದನ ತಾಯಿ, ಸುಬ್ಬಲಕ್ಷ್ಮಿ.

"ಪುರಂದರ ಅಂದ್ರೆ ನೀನಾ?" ಎಂದು ಆಕೆ ಕೇಳಿದರು. "ನನ್ನ ಕಾರು ಎಲ್ಲುಂಟು?"

ಅವನು ಟಾರ್ಪಾಲು ತೆಗೆದ. ಸುಬ್ಬಲಕ್ಷ್ಮಿ ಕನ್ನಡಕ ಸರಿಮಾಡಿಕೊಂಡು ಎಲ್ಲಿಯೂ ಹುಡುಕದೆ ನೇರ ಬಲ ಮೂಲೆಗೆ ಬಂದು ಬೆಸುಗೆಯ ಮೇಲೆ ಬೆರಳಿಟ್ಟರು. "ಇಷ್ಟೇನಾ? ನಾನು ಇನ್ನೂ ದೊಡ್ಡದುಂಟು ಅಂತ ಎಣಿಸಿದ್ದೆ."

"ಅಮ್ಮ, ಇದು ನಿಮಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿಲ್ಲದೆ? ಗುದ್ದಿದ್ದು ನಾನಲ್ವಾ."

ನಮಿತಾ ಕುರ್ಚಿ ತಂದಳು. ಸುಬ್ಬಲಕ್ಷ್ಮಿ ಕೂತರು. ಕಾರು ಬಂದ ಹೊಸತರಲ್ಲಿ ಅವರ ಗಂಡ ಅಂಗಳದಲ್ಲೇ ಗೇರು ಹಾಕಲು ಕಲಿಸಿದ್ದರಂತೆ, ಅದೂ ಮಾವ ಪೂಜೆಗೆಂದು ಬೇರೆ ಊರಿಗೆ ಹೋದ ದಿನಗಳಲ್ಲಿ. ಹೆಂಗಸು ಕಾರು ಮುಟ್ಟಿದರೆ ಮಾವ ಮನೆಯಲ್ಲಿ ನೀರು ಕುಡಿಯುವವರಲ್ಲ. ಒಂದು ದಿನ ಗಂಡ ಬಸ್ಸಿನಲ್ಲಿ ಮಂಗಳೂರಿಗೆ ಹೋಗಿದ್ದರು. ಮಾವನೂ ಇರಲಿಲ್ಲ. ಮಗು ತೊಟ್ಟಿಲಲ್ಲಿ ನಿದ್ದೆ ಮಾಡಿತ್ತು, ಅತ್ತೆ ಪಕ್ಕದಲ್ಲಿದ್ದರು.

"ಅಷ್ಟು ಅವಸರದ್ದು ಎಂತ ಇತ್ತು ಅಮ್ಮ?"

"ಅವಸರ ಎಂತದ್ದೂ ಇಲ್ಲ. ಬಿಡ್ಬೇಕು ಅಂತ ಆಯ್ತು, ಬಿಟ್ಟೆ."

ಪುರಂದರ ಅಷ್ಟಕ್ಕೆ ಬಿಡಲಿಲ್ಲ. "ಗುದ್ದಿದ್ದು ಎಲ್ಲಿಗೆ? ಬಲ ಬದಿಗೆ ಹೇಗೆ ಪೆಟ್ಟಾಯ್ತು? ನಮ್ಮಲ್ಲಿ ಎಡಕ್ಕೆ ಹೋಗುದಲ್ವಾ?"

ರಂಜನಿ ಅವನತ್ತ ಕೆಂಗಣ್ಣು ಬಿಟ್ಟಳು. ಸುಬ್ಬಲಕ್ಷ್ಮಿಗೆ ಬೇಸರವಾದಂತೆ ಕಾಣಲಿಲ್ಲ. "ತಿರುವಿನಲ್ಲಿ ಲೋಕಯ್ಯ ಸೊಪ್ಪಿನ ಕಟ್ಟ ಹೊತ್ತುಕೊಂಡು ಎಡ ಬದಿಯಲ್ಲೇ ಬರ್ತಾ ಇದ್ದ. ತಲೆಯ ಮೇಲೆ ಕಟ್ಟ, ಅವನಿಗೆ ಕಾರು ಕಾಣುದಿಲ್ಲ. ಬ್ರೇಕು ಯಾವುದು ಅಂತ ನನಗೆ ಮರೆತೇ ಹೋಯ್ತು. ಬಲಕ್ಕೆ ತಿರುಗಿಸಿದೆ. ಆ ಬದಿಗೆ ಮುರಕಲ್ಲಿನ ಪಾಗಾರದ ಗೋಡೆ ಇತ್ತು. ಪಾಗಾರ ಬಿತ್ತು, ಕಾರೂ ನಿಂತಿತು. ಅವನ ಮೈಗೆ ಒಂದು ಎಲೆ ತಾಗ್ಲಿಲ್ಲ."

ಲೋಕಯ್ಯನೇ ಎತ್ತು ಕಟ್ಟಿ ಕಾರನ್ನು ಎಳೆದು ಕೊಟ್ಟಿಗೆಗೆ ತಲುಪಿಸಿದ್ದ. ಬಿದ್ದ ಪಾಗಾರವನ್ನು ಸಂಜೆಯೊಳಗೆ ಕಟ್ಟಿದ್ದ. ಗಂಡ ಬಂದವರು ಬೈಯಲಿಲ್ಲ. ಗೇರುಬಾಕ್ಸು ಕೆಟ್ಟಿದೆಯೆಂದು ಮನೆಯವರಿಗೆಲ್ಲ ಹೇಳಿ, ಕಾರನ್ನು ಲಾರಿಯಲ್ಲಿ ಮಂಗಳೂರಿಗೆ ಸಾಗಿಸಿ ಸರಿಮಾಡಿಸಿ ತಂದರು.

"ಆ ಮೇಲೆ ನೀವು ಕಾರು ಬಿಡ್ಲೇ ಇಲ್ವಾ?" ನಮಿತಾ ಕೇಳಿದಳು.

"ಬಿಟ್ಟಿದ್ದೇನೆ. ನಮ್ಮ ಯಜಮಾನ್ರು ಪಕ್ಕದಲ್ಲಿ ಕೂತು ಕಲಿಸಿದ್ರು. ಮಾವ ತೀರಿದ ಮೇಲೆ ಕದ್ದು ಬಿಡ್ಬೇಕು ಅಂತ ಇರ್ಲಿಲ್ಲ. ಆದ್ರೆ ಆಗ ಮಕ್ಕಳು, ಮನೆ, ಪುರಸೊತ್ತೇ ಆಗ್ಲಿಲ್ಲ."

ವಿಷ್ಣುಪ್ರಸಾದನ ಕಳ್ಳತನದ ಕಾರಣವೂ ಆಗಲೇ ಹೊರಬಿತ್ತು. ಆ ಗುರುವಾರ ತಾಯಿ ಪುತ್ತೂರಿನ ಮಗಳ ಮನೆಗೆ ಹೋಗಿದ್ದಾಗ ಕಾರು ಸಾಗಿಸಿದ್ದ. ಅಪ್ಪನ ನೆನಪಿನ ವಸ್ತು, ಅಮ್ಮ ಬೇಡವೆಂದಾಳು ಎಂಬ ಹೆದರಿಕೆ. ಮರಳಿ ಬಂದವರಿಗೆ ಸರ್ವೀಸಿಗೆ ಕೊಟ್ಟಿದ್ದೇನೆ ಎಂದಿದ್ದ. ಲೋಕಯ್ಯ ಬಂದು, ನಾಯ್ಮಾರ್ಮೂಲೆಯವನೊಬ್ಬ ಪೊಲೀಸಿನ ಹಾಗೆ ಕೇಳುತ್ತಿದ್ದಾನೆ ಎಂದು ಹೇಳಿದಾಗ ಸುಬ್ಬಲಕ್ಷ್ಮಿ ಸೊಸೆಯನ್ನು ಕರೆದುಕೊಂಡು ಹೊರಟಿದ್ದರು.

ಪುರಂದರ ತಲೆ ತಗ್ಗಿಸಿ ತೇಪೆಯ ಸುತ್ತ ಸೀಮೆಸುಣ್ಣದ ಗೆರೆ ಎಳೆದ. ಕೊನೆಗೆ ಕೇಳಿದ. "ಅಮ್ಮ, ಇದನ್ನು ಕೊಯ್ದು ಹೊಸ ತುಂಡು ಹಾಕ್ಬೇಕು. ಇಲ್ಲದಿದ್ರೆ ತೊಲೆ ನೇರ ಆಗುದಿಲ್ಲ. ನಿಮಗೆ ಆ ಹಳೇ ತುಂಡು ಬೇಕಾ?"

"ಗುಜರಿಗೆ ಹಾಕು. ನನಗೆ ಎಂತಕ್ಕೆ ಅದು?" ಆಟೋ ಹತ್ತುವ ಮೊದಲು ಮಾತ್ರ ಆಕೆ ಹಿಂದೆ ತಿರುಗಿದರು. "ವಿಷ್ಣುವಿಗೆ ಹೇಳ್ಬೇಡ. ಅವನಿಗೆ ಅಪ್ಪ ಅಂದ್ರೆ ದೇವರು. ಅಪ್ಪ ಸುಳ್ಳು ಹೇಳಿದ್ದಾರೆ ಅಂತ ಈಗ ಗೊತ್ತಾಗುದು ಬೇಡ."

ಆಮೇಲೆ ಕೆಲಸ ಓಡಿತು. ತೇಪೆಯ ಜಾಗವನ್ನು ಕತ್ತರಿಸಿ, ಎಸ್ಟೇಟಿನಲ್ಲಿ ಮಡಚಿ ತಂದ ಹೊಸ ತುಂಡನ್ನು ಸುಧೀರ್ ಬೆಸೆದ. ತೊಲೆಗೆ ಸರಪಳಿ ಬಿಗಿದು ಜಾಕಿನಿಂದ ದಿನಕ್ಕಿಷ್ಟೇ ಎಂದು ತಳ್ಳುತ್ತ, ನೆಲದ ಗುರುತುಗಳು ಹೊಂದುವವರೆಗೆ ಪುರಂದರ ದಾರ ಎಳೆದ. ಬದಿಯ ಕೈಗಳನ್ನೆಲ್ಲ ಹೊಸತು ಮಾಡಿದ. ಹಿಂದಿನ ಲೀಫ್ ಸ್ಪ್ರಿಂಗಿನ ಪಟ್ಟಿಗಳನ್ನು ಒಂದೊಂದಾಗಿ ಬಿಚ್ಚಿ ತಿಕ್ಕಿ, ಗ್ರೀಸು ಸವರಿ, ಸೋತು ಚಪ್ಪಟೆಯಾದವನ್ನು ಕಮ್ಮಾರನಲ್ಲಿ ಬಾಗಿಸಿ ಹದ ಹಾಕಿಸಿದ. ಹೊಸ ಬುಶ್ಶು, ಹೊಸ ಶಾಕ್ ಅಬ್ಸಾರ್ಬರು. ರೆಡ್ ಆಕ್ಸೈಡು, ಅದರ ಮೇಲೆ ಕಪ್ಪು ಪೇಂಟು. ಬಲಗಡೆಯ ಹೆಚ್ಚುವರಿ ತಗಡು ತೆಗೆದು ಎರಡೂ ಬದಿಗೆ ಒಂದೇ ಲೆಕ್ಕ ಮಾಡಿದಾಗ ಚಕ್ರ ತನ್ನಷ್ಟಕ್ಕೆ ನೆಟ್ಟಗೆ ನಿಂತಿತು. ಆ ಹೊತ್ತಿನ ಸಂತೋಷ ಅವನಿಗೆ ಅಜ್ಮಾನಿನಲ್ಲೂ ಆಗಿರಲಿಲ್ಲ.

ಮರುವರ್ಷ ಕಾರು ಓಡುವಂತಾದಾಗ ಮೊದಲ ದೂರದ ಸವಾರಿ ಕುಂಬ್ಡಾಜೆಗೆ. ಗುಂಡಿಗಳಲ್ಲಿ ಕಾರು ಮೆಲ್ಲಗೆ ತಲೆದೂಗುತ್ತ ಏರು ಹತ್ತಿತು. ಗೂಡಂಗಡಿಯ ಬೆಂಚಿನಿಂದ ಲೋಕಯ್ಯ ಎದ್ದು ಕೈಮುಗಿದಂತೆ ಮಾಡಿ, ಬೇಕೆಂದೇ ದಾರಿಯ ಅಂಚಿಗೆ ಹಾರಿದ ನಾಟಕ ಮಾಡಿದ.

ಸುಬ್ಬಲಕ್ಷ್ಮಿ ಅಂಗಳಕ್ಕೆ ಬಂದು ಒಂದು ಸುತ್ತು ನೋಡಿ, "ಬಣ್ಣ ಚಂದ ಆಗಿದೆ" ಎಂದಷ್ಟೇ ಹೇಳಿ ಒಳಗೆ ಹೋದರು. ರಂಜನಿ ಕಾಫಿ ತಂದಳು. ವಿಷ್ಣುಪ್ರಸಾದ ಲೋಟ ಕೊಡುತ್ತ ಕೇಳಿದ. "ನೀನು ಫೋನಿನಲ್ಲಿ ವೆಲ್ಡಿಂಗ್ ಉಂಟು ಅಂತ ಹೇಳಿದ್ದಿಯಲ್ಲ. ಅದೆಂತದ್ದು?"

"ತುಕ್ಕು ಭಟ್ರೆ. ನನಗೆ ಕಣ್ಣು ತಪ್ಪಿದ್ದು."

"ತುಕ್ಕನ್ನು ವೆಲ್ಡಿಂಗ್ ಅಂತ ಹೇಳ್ಲಿಕ್ಕೆ ನೀನು ಹೊಸಬನಾ?"

ಪುರಂದರ ಕಾಫಿಗೆ ಊದಿದ. ವಿಷ್ಣುಪ್ರಸಾದ ಅವನ ಮುಖವನ್ನೇ ಅಳೆಯುವಂತೆ ನೋಡಿದ, ಆಮೇಲೆ ಬೇರೆ ಕಡೆ ಮುಖ ತಿರುಗಿಸಿ ನಿಂತ ಹೆಂಡತಿಯನ್ನು ನೋಡಿದ, ಮತ್ತೆ ಅವನನ್ನು. ಆ ನೋಟದ ಅಡಿಯಲ್ಲಿ ನಿಲ್ಲುವುದು ಎಷ್ಟು ಕಷ್ಟವೆಂದು ಪುರಂದರನಿಗೆ ಈ ಪ್ರಾಯದಲ್ಲಿ ತಿಳಿಯಿತು. ಕಾಫಿಯನ್ನು ಬಿಸಿಬಿಸಿಯಾಗಿಯೇ ಗುಟುಕರಿಸಿ, "ಬನ್ನಿ ಭಟ್ರೆ, ಇಂಜಿನ್ ತೋರಿಸ್ತೇನೆ" ಎಂದು ಅಂಗಳಕ್ಕೆ ಇಳಿದ.