ಕೋಟೆಯಲ್ಲಿ ಕೇಳಿದ ಹೆಸರು

ಕಾರವಾರಕ್ಕೆ ಹೊರಡುವ ಹಿಂದಿನ ದಿನ ಮಧ್ಯಾಹ್ನ ನಾನು ಬುತ್ತಿಗೆಂದು ರೊಟ್ಟಿ ಬಡಿಯುತ್ತಿದ್ದೆ. ಹುಬ್ಬಳ್ಳಿಯ ಕಮರಿಪೇಟೆಯ ನಮ್ಮ ಬಾಡಿಗೆ ಮನೆಯ ಅಡುಗೆಮನೆಯಲ್ಲಿ ಇಬ್ಬರು ಕೂಡುವಷ್ಟು ಜಾಗವಿರಲಿಲ್ಲ. ನಮ್ಮ ಮನೆಯವರು ಬಾಗಿಲ ಆಚೆ ಮಣೆ ಹಾಕಿಕೊಂಡು ಕುಳಿತು, ಬಿಸಿ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿಕೊಂಡು ತಿನ್ನುತ್ತ, ಪೋರ್ತುಗೀಜರು ಕೋಟೆ ಕಟ್ಟುತ್ತಿದ್ದ ಬಗೆಯನ್ನು ಹೇಳುತ್ತಿದ್ದರು. ಅವರು ಹೈಸ್ಕೂಲಿನಲ್ಲಿ ಇತಿಹಾಸದ ಮಾಸ್ತರರು. ನನಗೆ ಅರ್ಧ ತಿಳಿಯಿತು. ಉಳಿದರ್ಧಕ್ಕೆ ಸುಮ್ಮನೆ ಹೂಂ ಅಂದೆ. ಆ ದಿನದ ಬಗ್ಗೆ ಹೇಳಲು ಬೇರೇನೂ ಇಲ್ಲ. ಅಂಥ ದಿನ ಆಮೇಲೆ ನಮಗೆ ಸಿಗಲಿಲ್ಲ, ಅದಕ್ಕೆ ಬರೆದೆ.

ಕಾಣದವರ ದನಿ ಕೇಳಿತೆಂಬ ಮಾತನ್ನು ನಾನು ಎಂದೂ ನಂಬಿದವಳಲ್ಲ. ಓಣಿಯಲ್ಲಿ ಯಾರಾದರೂ ಹಾಗೆ ಹೇಳಿದರೆ, ಪಿತ್ತ ಏರಿರಬೇಕು, ಮಜ್ಜಿಗೆ ಕುಡಿಯಿರಿ ಎನ್ನುತ್ತಿದ್ದೆ. ಇದನ್ನು ಓದುವವರು ನನಗೂ ಹಾಗೆಯೇ ಹೇಳಬಹುದು. ಅದಕ್ಕೆ ನನಗೆ ಬೇಸರವಿಲ್ಲ.

ಗೋವಾ ಬಿಡುಗಡೆಯಾಗಿ ಒಂದೆರಡು ವರ್ಷವಾಗಿತ್ತು. ಕಾರವಾರದ ಕಡೆ ಸಮುದ್ರದಲ್ಲಿ ಒಂದು ನಡುಗಡ್ಡೆಯಿದೆ, ಅಲ್ಲಿ ಪೋರ್ತುಗೀಜರು ಬಿಟ್ಟುಹೋದ ಹಾಳು ಕೋಟೆಯಿದೆ ಎಂದು ಇವರಿಗೆ ಯಾರೋ ಹೇಳಿದ್ದರು. ಕ್ರಿಸ್ಮಸ್ಸಿಗೆ ಶಾಲೆಗೆ ಸಿಗುವ ನಾತಾಳದ ಸೂಟಿಯಲ್ಲಿ ನಾವಿಬ್ಬರು, ಪಕ್ಕದ ಮನೆಯ ಗಂಗಕ್ಕ, ಅವಳ ಯಜಮಾನರು ಹುಬ್ಬಳ್ಳಿಯಿಂದ ಬಸ್ಸು ಹತ್ತಿದೆವು. ಘಟ್ಟದ ತಿರುವುಗಳಲ್ಲಿ ಗಂಗಕ್ಕನ ಯಜಮಾನರಿಗೆ ಹೊಟ್ಟೆ ತೊಳಸಿ, ದೋಣಿಯ ಹೆಸರೆತ್ತಿದರೆ ಸಾಕು ಕೈಮುಗಿಯುವ ಹಾಗಾಯಿತು. ಅವರು ಕಾರವಾರದಲ್ಲೇ ಉಳಿದರು. ನಾವು ಮೂವರೇ ಹೋದೆವು. ದೋಣಿಯವನನ್ನು ಬಿಟ್ಟರೆ ಆವತ್ತು ಆ ನಡುಗಡ್ಡೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಕೋಟೆಯ ಗೋಡೆಗಳು ಕೆಂಪು ಕಲ್ಲಿನವು. ಎಲ್ಲೆಲ್ಲೂ ಮುಳ್ಳುಕಂಟಿ ಬೆಳೆದಿತ್ತು. ಇವರು ಹಬ್ಬಕ್ಕೆ ಹೋದ ಹುಡುಗನಂತೆ ಒಳಗೆ ನಡೆದೇಬಿಟ್ಟರು. ಹೆಬ್ಬಾಗಿಲ ಹೊರಗಿನ ಮರದ ನೆರಳಲ್ಲಿ ನಾನೂ ಗಂಗಕ್ಕನೂ ಬುತ್ತಿ ಬಿಚ್ಚಿದೆವು. ನಡುವೆ ಗಂಗಕ್ಕ ನೀರು ತರಲೆಂದು ದೋಣಿಯ ಕಡೆ ಹೋದಳು.

ಮುಂದಿನದನ್ನು ಹೇಳುವ ಮೊದಲು ನಮ್ಮ ಕಡೆಯ ರೂಢಿಯೊಂದನ್ನು ಹೇಳಬೇಕು. ಹೆಂಡತಿ ಗಂಡನ ಹೆಸರು ಹಿಡಿದು ಕರೆಯುವುದಿಲ್ಲ. ಮದುವೆಯಲ್ಲಿ ಒಡಪು ಹೇಳುವಾಗ ಮಾತ್ರ, ಪ್ರಾಸ ಕೂಡಿಸಿದ ಎರಡು ಸಾಲಿನೊಳಗೆ ಆ ಹೆಸರನ್ನು ಸೇರಿಸಿ ಹೇಳಬೇಕು. ನಾನೂ ಹೇಳಿದ್ದೆ, ತಲೆ ತಗ್ಗಿಸಿ, ಹೆಸರನ್ನು ಅರ್ಧ ನುಂಗಿ. ಅದಾದ ಮೇಲೆ ಅದು ನನ್ನ ಬಾಯಿಂದ ಬಂದಿರಲಿಲ್ಲ. ‘ಏನ್ರಿ’ ಅಂದರೆ ಅವರು ತಿರುಗಿ ನೋಡುತ್ತಿದ್ದರು. ಅದರಲ್ಲೇ ನಮ್ಮ ಸಂಸಾರ ನಡೆದಿತ್ತು.

ಕೋಟೆಗೋಡೆಯ ನೆರಳಲ್ಲಿ ಬೀಡಿ ಸೇದುತ್ತ ಮಲಗಿದ್ದ ದೋಣಿಯವನು ಒಮ್ಮೆಲೇ ಎದ್ದು ಕೋಟೆಯೊಳಗೆ ಓಡಿದ. ನಾನೂ ಓಡಿದೆ. ಸಮುದ್ರದ ಕಡೆಯ ಗೋಡೆಯ ಒಂದು ಮೂಲೆ ಕುಸಿದು ಬಿದ್ದಿತ್ತು. ಇವರು ಅದರ ತುದಿಯಲ್ಲಿ ನಿಂತಿದ್ದರು. ಕೆಳಗೆ ಬಂಡೆ, ನೀರು. “ಓ, ಬಂದೆ” ಎನ್ನುತ್ತ ಕಾಲು ಮುಂದಿಟ್ಟರು. ಅಷ್ಟರಲ್ಲಿ ದೋಣಿಯವನು ಅಂಗಿ ಹಿಡಿದು ಹಿಂದಕ್ಕೆಳೆದ. ಸಡಿಲವಾಗಿದ್ದ ಒಂದು ಕಲ್ಲು ಉರುಳಿ ಬಿತ್ತು.

ಇವರ ಮುಖದಲ್ಲಿ ಹೆದರಿಕೆಯ ಲವಲೇಶವೂ ಇರಲಿಲ್ಲ. ನಗುತ್ತಿದ್ದರು. ಆ ನಗುವನ್ನು ನಾನು ಮೊದಲು ಕಂಡಿರಲಿಲ್ಲ.

“ಕರದಿದ್ದ್ಯಲ್ಲ, ಏನಾತು?” ಎಂದರು ನನಗೆ.

“ನಾ ಎಲ್ಲಿ ಕರದೆನ್ರಿ?”

“ಹೆಸರ ಹಿಡದ ಕರದಿ. ಇಲ್ಲಿಂದನ ಬಂತು ದನಿ.” ಅವರು ಕೈಮಾಡಿ ತೋರಿಸಿದ ಕಡೆ ಬರೀ ಸಮುದ್ರವಿತ್ತು.

ಏದುಸಿರು ಬಿಡುತ್ತ ಬಂದ ಗಂಗಕ್ಕ ಇದನ್ನು ಕೇಳಿ ನಕ್ಕಳು. “ಇಕಿ ಹೆಸರ ಹಿಡದ ಕರದಳಾ? ಮನಿಗೆ ಬೆಂಕಿ ಹತ್ತಿದ್ರೂ ‘ಏನ್ರಿ’ ಅನ್ನಾಕಿ ಬಿಡ್ರಿ ಮಾಸ್ತರ್ರ.”

“ನೀ ನಡುವ ಬಾಯಿ ಹಾಕಬ್ಯಾಡ ಗಂಗಕ್ಕ. ನಾಚಿಕೆ ಬಂದೈತಿ ಆಕಿಗೆ. ಛಲೋ ಕರದಳು.”

ದೋಣಿಯವನನ್ನು ಕೇಳಿದೆ. ಹೆಂಗಸಿನ ದನಿ ಯಾವುದೂ ತನಗೆ ಕೇಳಲಿಲ್ಲ, ಇವರು ಒಬ್ಬರೇ ಯಾರಿಗೋ ಉತ್ತರ ಕೊಡುತ್ತಿದ್ದರು, ಅದನ್ನು ಕೇಳಿ ಎದ್ದೆ ಎಂದ.

ಹುಬ್ಬಳ್ಳಿಗೆ ಬಂದ ಮೇಲೆ ಸಂಶಯ ಶುರುವಾಯಿತು. ನನ್ನ ಸಂಶಯ ಗಂಗಕ್ಕನ ಮೇಲೆ. ನೀರಿಗೆ ಹೋದವಳು ನನ್ನ ದನಿ ಮಾಡಿ ಕರೆದಿರಬಹುದೇ? ಅವಳ ಸಂಶಯ ಇವರ ಮೇಲೆ. “ಹೆಂಡತಿ ಬಾಯಾಗ ಹೆಸರ ಹೊರಡಸಾಕ ಹೂಡಿದ ಆಟ ಇದು” ಎಂದಳು. ಇವರ ಸಂಶಯ ನನ್ನ ಮೇಲೆ. ನನ್ನ ಸಂಶಯ ತಿಳಿದು ಒಂದು ಸಂಜೆ ಕಟ್ಟೆಯ ಮೇಲೆ ಗಂಗಕ್ಕನೇ, “ನಿಮ್ಮ ಹೆಸರ ಕರಿಯಾಕ ನನಗೇನ ಅಡ್ಡಿ? ನೀವೇನ ನನ್ನ ಗಂಡ ಅಲ್ಲಲ್ಲ” ಎಂದು ಓಣಿಗೆಲ್ಲ ಕೇಳುವಂತೆ ಅವರ ಹೆಸರು ಕೂಗಿದಳು. ಇವರು ಕಣ್ಣು ಮುಚ್ಚಿ ಕೇಳಿ, “ಊಹೂಂ, ಇದಲ್ಲ” ಎಂದು ಒಳಗೆ ಹೋದರು.

ಬಚ್ಚಲಿನಿಂದ, ಹಿತ್ತಲಿನಿಂದ ಇವರು ಆಗಾಗ “ಕರದ್ಯಾ?” ಎಂದು ಕೇಳುವುದು ಹೆಚ್ಚಾಯಿತು. ಇಲ್ಲವೆಂದರೆ ನನ್ನ ಮುಖವನ್ನೇ ನೋಡುತ್ತಿದ್ದರು. ನೀನು ಸುಳ್ಳು ಹೇಳುತ್ತಿ ಎಂದು ಒಮ್ಮೆಯೂ ಅನ್ನಲಿಲ್ಲ. ಅಂದಿದ್ದರೆ ನಾನು ಜಗಳವಾಡಬಹುದಿತ್ತು. ಯಾವುದೋ ಹೆಂಗಸಿನ ದನಿಗೆ ಅವರು ಅಷ್ಟು ಸಂತೋಷದಿಂದ ಓಗೊಟ್ಟಿದ್ದರು, ಆ ಸಂತೋಷವನ್ನು ನನ್ನ ಹೆಸರಿನಲ್ಲಿ ಇಟ್ಟುಕೊಂಡಿದ್ದರು. ಅದು ನಾನಲ್ಲ ಎಂಬ ನನ್ನ ಮಾತನ್ನು ಅವರು ನಂಬಬೇಕು. ನನಗೆ ಬೇಕಾದದ್ದು ಅಷ್ಟೇ.

ಮೂರ್ನಾಲ್ಕು ವರ್ಷ ಹೀಗೇ ಕಳೆಯಿತು. ಆಮೇಲೆ ಅವರಿಗೆ ಕಾಮಾಲೆಯಾಯಿತು. ಔಷಧ ಹತ್ತಲಿಲ್ಲ. ಆಸ್ಪತ್ರೆಯಲ್ಲಿ ಒಂದು ಮಧ್ಯಾಹ್ನ ಕಿತ್ತಳೆಯ ಸಿಪ್ಪೆ ಬಿಡಿಸುತ್ತ ಕುಳಿತಿದ್ದೆ. “ಆವತ್ತ ಕರದಂಗ ಒಮ್ಮೆ ಕರಿ” ಎಂದರು.

ಕೋಣೆಯಲ್ಲಿ ಬೇರೆ ರೋಗಿಗಳಿದ್ದರು. ನಾನು ಯಾರನ್ನೂ ನೋಡಲಿಲ್ಲ. ಹೆಸರು ಹಿಡಿದು ಕರೆದೆ, ನುಂಗದೆ, ಪೂರ್ತಿಯಾಗಿ.

ಅವರು ಕಣ್ಣು ಮುಚ್ಚಿ ಕೇಳಿದರು. ಆಮೇಲೆ, “ಖರೇನ ಹೇಳಿದ್ದಿ ನೀ. ಆಕಿ ನೀ ಅಲ್ಲ” ಎಂದರು. ನನ್ನ ಕೈಯನ್ನು ಹಿಡಿದುಕೊಂಡೇ ಮತ್ತೆ ಕೇಳಿದರು, “ಹಂಗಾರ ಆಕಿ ಯಾರು?”

ಕಡೆಗೂ ಅವರು ನನ್ನನ್ನು ನಂಬಿದರು. ಆದರೆ ಕೋಟೆಯಲ್ಲಿ ಕಂಡ ಆ ನಗು ಅವರ ಮುಖದಲ್ಲಿ ಇರಲಿಲ್ಲ. ಆ ವಾರವೇ ಅವರು ಹೋದರು.

ಬಿಸಿಲಿಗೆ ಹಾಗಾಯಿತೆಂದು ಗಂಗಕ್ಕನ ಯಜಮಾನರು ಹೇಳುತ್ತಾರೆ. ಇರಬಹುದು. ಬಿಸಿಲಿಗೆ ದನಿ ಕೇಳಬಹುದು, ಆದರೆ ನಾನು ಎಂದೂ ಹಿಡಿದು ಕರೆಯದ ಹೆಸರು ನನ್ನದೇ ದನಿಯಲ್ಲಿ ಅವರಿಗೆ ಹೇಗೆ ಕೇಳಿತು, ನಾನೇ ಕರೆದಾಗ ಆ ದನಿ ಯಾಕೆ ಬೇರೆಯಾಯಿತು, ಎಂದು ಕೇಳಿದರೆ ಅವರು ನನಗೇ ಮಜ್ಜಿಗೆ ಕುಡಿಯಲು ಹೇಳುತ್ತಾರೆ.

ಈಗ ಹೆಸರು ಕರೆಯಲು ನನಗೆ ನಾಚಿಕೆಯಿಲ್ಲ. ಒಬ್ಬಳೇ ಇದ್ದಾಗ ಗಟ್ಟಿಯಾಗಿಯೇ ಕರೆಯುತ್ತೇನೆ. ಓಗೊಡುವವರು ಇಲ್ಲ.