ಟೇಪಿನ ಆ ಕೊನೆ

ಶನಿವಾರ ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಆಕೆ ತನ್ನದೇ ಮನೆಯ ಹಾಲ್‌ನಲ್ಲಿ ಮಂಡಿಯೂರಿ, ಲೇಸರ್ ಅಳತೆಯಂತ್ರದ ಬೆನ್ನನ್ನು ಗೋಡೆಗೆ ಒತ್ತಿ ಹಿಡಿದಿದ್ದಳು. ಎದುರು ಗೋಡೆಯ ಮೇಲೆ ಕೆಂಪು ಚುಕ್ಕೆ ನಿಂತಿತು. ಗುಂಡಿ ಒತ್ತಿದಳು. ನಾಲ್ಕು ಮೀಟರ್ ಎಂಬತ್ತಾರೂವರೆ ಸೆಂಟಿಮೀಟರ್. ಮತ್ತೆ ಒತ್ತಿದಳು. ಮತ್ತೆ ಅದೇ.

"ಏನು ಹಟಮಾರಿ!" ಎಂದು ಯಂತ್ರಕ್ಕೆ ಬೈದಳು.

"ಇಷ್ಟು ವರ್ಷದಿಂದ ಇರೋ ಮನೆ," ಸೋಫಾದಿಂದ ಅತ್ತೆಯ ದನಿ ಬಂತು, "ರಾತ್ರಿಯೇನು ಬೆಳೆದುಬಿಡ್ತಾ?"

ಬೆಳೆದಿತ್ತು, ಅದೇ ಆಕೆಯ ತಲೆನೋವು. ಮನೆಗಳಿಗೆ ಬೆಲೆ ಕಟ್ಟುವುದು ಆಕೆಯ ಕೆಲಸ. ಬ್ಯಾಂಕಿನವರು ಕಳಿಸಿದ ಕಡೆ ಹೋಗಿ, ಒಂದೊಂದು ಕೋಣೆಯನ್ನೂ ಅಳೆದು, ನಕ್ಷೆ ಬರೆದು, ಬೆಲೆ ಹೇಳಬೇಕು. ಇಲ್ಲಿಯವರೆಗೆ ಅಳೆದದ್ದೆಲ್ಲ ಉಕ್ಕಿನ ಟೇಪಿನಲ್ಲಿ. ಅಂಕಿ ಓದುವ ಕೊನೆ ಈಕೆಯದು. ಕೊಕ್ಕೆಯಿರುವ ಆ ಕೊನೆ ಹಿಡಿಯುವವರು ಅಕ್ಕನ ಗಂಡ, ಭಾವ. ಕಣ್ಣು ಮಂಜಾಗಿ ಬಸ್ ಓಡಿಸುವ ಕೆಲಸ ಕೈಬಿಟ್ಟ ಮೇಲೆ ಅವರು ದಿನವಿಡೀ ಕಿಟಕಿಯ ಕಡೆ ಮುಖ ಮಾಡಿ ಕೂತಿರುತ್ತಿದ್ದರು. ಟೇಪ್ ಹಿಡಿಯತೊಡಗಿದ ಮೇಲೆ ಮತ್ತೆ ಬೆಳಿಗ್ಗೆ ಎದ್ದು ಶೇವ್ ಮಾಡಿಕೊಳ್ಳುವ ಮನುಷ್ಯರಾಗಿದ್ದರು.

ಈಗ ಕಚೇರಿಯ ಹೊಸ ಫರ್ಮಾನು ಬಂದಿತ್ತು. ಟೇಪ್, ಲೇಸರ್, ಫೋನ್ ಸ್ಕ್ಯಾನರ್, ಈ ಮೂರರಲ್ಲಿ ಒಂದನ್ನು ಆರಿಸಿ ಇಂದು ಸಂಜೆ ಐದರೊಳಗೆ ತಿಳಿಸಬೇಕು. ಟೇಪ್ ಆದರೆ ಇಬ್ಬರು ಹೋಗಬಹುದು. ಉಳಿದೆರಡಕ್ಕೆ ಒಬ್ಬರೇ. ಹಾಗಾಗಿ ಟೇಪ್ ಗೆಲ್ಲಲೇಬೇಕಿತ್ತು. ಗೆಲ್ಲಿಸಲೆಂದೇ, ತಾನು ಚೆನ್ನಾಗಿ ಬಲ್ಲ ತನ್ನ ಮನೆಯನ್ನೇ ಪರೀಕ್ಷೆಗೆ ಇಟ್ಟಿದ್ದಳು. ಹಿಂದೆ ಭಾವನ ಜೊತೆ ಇದೇ ಹಾಲ್ ಅಳೆದಾಗ ಟೇಪ್ ತೋರಿಸಿದ್ದಕ್ಕಿಂತ ಲೇಸರ್ ಒಂದೂವರೆ ಸೆಂಟಿಮೀಟರ್ ಹೆಚ್ಚು ಹೇಳುತ್ತಿತ್ತು.

ಬ್ಯಾಟರಿ ಬದಲಿಸಿದಳು. ಯಂತ್ರದ ಮುಂದಿನ ಅಂಚಿನಿಂದ ಅಳೆಯುತ್ತಿದೆಯೋ ಹಿಂದಿನ ಅಂಚಿನಿಂದಲೋ ನೋಡಿದಳು. ಎಲ್ಲ ಸರಿಯಾಗಿತ್ತು. ಒಂದು ತಪ್ಪಾದರೂ ಇರಬಾರದಿತ್ತೇ ಎಂದು ಹಲ್ಲು ಕಚ್ಚಿದಳು. ಬಾಲ್ಕನಿಯ ಬಿಸಿಲಿನಲ್ಲಿ ಕೆಂಪು ಚುಕ್ಕೆ ಕಣ್ಣಿಗೇ ಬೀಳದಿದ್ದಾಗ ಸ್ವಲ್ಪ ಖುಷಿಯಾಯಿತು. ಆದರೆ ಅತ್ತೆ ಸೆರಗು ಅಡ್ಡ ಹಿಡಿದು ನೆರಳು ಮಾಡಿ, "ಇಲ್ಲಿ ನೋಡು, ಕಾಣ್ತಿದೆಯಲ್ಲ," ಎಂದು ಆ ಖುಷಿಗೂ ಕಲ್ಲು ಹಾಕಿದರು.

ಫೋನ್ ಹಿಡಿದು ಕೋಣೆಗಳನ್ನು ಸುತ್ತಿದಳು. ನಿಮಿಷದಲ್ಲಿ ನಕ್ಷೆ ಮೂಡಿತು. ಆದರೆ ಮಲಗುವ ಕೋಣೆಯ ಬೀರುವಿನ ಕನ್ನಡಿಯನ್ನು ಬಾಗಿಲೆಂದು ತಿಳಿದ ಫೋನು, ಅದರಾಚೆ ಇನ್ನೊಂದು ಕೋಣೆ ಬರೆದಿತ್ತು.

"ಆ ರೂಮು ನನಗಿರಲಿ," ಎಂದರು ಅತ್ತೆ. "ಅಲ್ಲಾದ್ರೂ ನಿನ್ನ ಗೊಣಗಾಟ ಕೇಳಿಸಲ್ಲ."

ಫೋನು ಅಲ್ಲಿಗೆ ಔಟ್. ಮಧ್ಯಾಹ್ನ ಭಾವ ಬಂದರು, ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಟೇಪ್.

"ಏನಮ್ಮ ನಾದಿನಿ, ಮುಖ ಯಾಕೆ ಊದಿಸ್ಕೊಂಡಿದ್ದೀಯ?"

"ಮೊದಲು ಹಿಡೀರಿ ಭಾವ."

ಅವರು ಕೊಕ್ಕೆ ಹಿಡಿದು ಎದುರು ಗೋಡೆಗೆ ಹೋದರು. ಈಕೆ ಓದಿದಳು. ನಾಲ್ಕು ಎಂಬತ್ತೈದು, ಲೇಸರಿಗಿಂತ ಮತ್ತೆ ಒಂದೂವರೆ ಕಡಿಮೆ. ಇಷ್ಟು ವರ್ಷ ಟೇಪಿನ ಆ ಕೊನೆಯತ್ತ ಹೋಗಿ ನೋಡುವ ಪ್ರಮೇಯವೇ ಬಂದಿರಲಿಲ್ಲ. ಇಂದು ಟೇಪನ್ನು ನೆಲದ ಮೇಲೆ ಬಿಟ್ಟು ಎದ್ದುಹೋಗಿ ಬಗ್ಗಿದಳು. ಗೋಡೆಗೂ ಕೊಕ್ಕೆಗೂ ನಡುವೆ ಭಾವನ ತೋರುಬೆರಳಿತ್ತು.

"ಇದೇನು ಭಾವ, ಬೆರಳು ಇಲ್ಲಿ?"

"ಮತ್ತೆ? ಕೊಕ್ಕೆ ಎಲ್ಲಿದೆ ಅಂತ ನನಗೇನು ಕಾಣುತ್ತಾ? ಬೆರಳಿಗೆ ಗೋಡೆ ತಾಗಿದ್ರೆ ತಾನೇ ಮುಟ್ಟಿತು ಅಂತ ಗೊತ್ತಾಗೋದು?"

"ತೆಗೀರಿ."

ತೆಗೆದರು. ಅಂಕಿ ಲೇಸರಿನದಕ್ಕೆ ಸರಿಯಾಗಿ ಕೂತಿತು. ಆಕೆಗೆ ಕುಣಿಯುವಷ್ಟು ಖುಷಿಯಾಯಿತು. ಆದರೆ ಅಡುಗೆಮನೆಯಲ್ಲಿ ಅಂಕಿ ಮತ್ತೆ ಕಡಿಮೆ ಬಂತು.

"ಭಾವ, ಬೆರಳು!"

"ಅಯ್ಯೋ, ಅದು ತಾನಾಗೇ ಅಲ್ಲಿಗೆ ಹೋಗುತ್ತೆ ಕಣೇ."

ಮಲಗುವ ಕೋಣೆಯಲ್ಲೂ ಹೋಯಿತು. ಬಚ್ಚಲಿನಲ್ಲಿ ಬೆರಳಿರಲಿಲ್ಲ, ಆದರೆ ಕೊಕ್ಕೆ ಗೋಡೆಯಿಂದ ಅಂಗೈಯಷ್ಟು ದೂರದಲ್ಲಿ, ಗಾಳಿಯಲ್ಲಿತ್ತು. ಭಾವ ಮಾತ್ರ "ಮುಟ್ಟಿದೆ!" ಎಂದು ಕೂಗಿದರು. ಪ್ರತಿ ಗೋಡೆಗೂ ಆಕೆಯೇ ಆ ಕಡೆ ಓಡಿ ನೋಡಿ, ಈ ಕಡೆ ಓಡಿ ಓದಬೇಕು. ಹಾಗಾದರೆ ಇಬ್ಬರು ಯಾಕೆ? ಒಂದು ಹಾಲ್‌ನಲ್ಲಿ ತಪ್ಪುತ್ತಿದ್ದುದು ಊಟದ ತಟ್ಟೆ ಇಡುವಷ್ಟು ಜಾಗ, ಅಷ್ಟೇ. ಯಾರೂ ಕೇಳುತ್ತಿರಲಿಲ್ಲ. ಆದರೆ ಈಗ ಆಕೆಗೆ ಗೊತ್ತಾಗಿತ್ತು. ಗೊತ್ತಿದ್ದೂ ಆ ನಕ್ಷೆಯ ಕೆಳಗೆ ಸಹಿ ಹಾಕಲು ಆಕೆಯ ಕೈ ಏಳದು.

ಐದಕ್ಕೆ ಸ್ವಲ್ಪ ಮುಂಚೆ ಕಚೇರಿಗೆ ಸಂದೇಶ ಕಳಿಸಿದಳು: ಲೇಸರ್. ಫೋನನ್ನು ಸೋಫಾದ ಮೇಲೆ ಎಸೆದಳು.

"ಸೋಮವಾರ ಎಷ್ಟೊತ್ತಿಗೆ ಬರ್ಲಿ?" ಭಾವ ಕೇಳಿದರು.

"ಬರೋದು ಬೇಡ ಭಾವ. ಇನ್ಮೇಲೆ ಒಬ್ಬಳೇ ಹೋಗ್ಬೇಕು."

ಭಾವ ಟೇಪನ್ನು ಒಳಗೆಳೆದು, ಬೆರಳಿನಿಂದ ಕೊಕ್ಕೆ ಮುಟ್ಟಿ ನೋಡಿ, ಮೇಜಿನ ಮೇಲಿಟ್ಟರು.

"ನಾನು ಟೇಪ್ ಹಿಡಿಯೋದು ಕಲಿತದ್ದು ಇದೇ ಹಾಲ್‌ನಲ್ಲಿ ಅಲ್ವಾ? ಇಡೀ ಕಟ್ಟಡಕ್ಕೆ ಕೇಳೋ ಹಾಗೆ ಕೂಗಿದ್ದೆ ನೀನು. ಎಷ್ಟು ಅಂದಿದ್ದೆ?"

ಆಕೆ ಮೇಜಿನ ಮೇಲಿನ ಟೇಪನ್ನು ಕೈಗೆತ್ತಿಕೊಂಡಳು. ಆ ದಿನ ಇದೇ ಗೋಡೆಗೆ ಬೆನ್ನು ಹಚ್ಚಿ, ಒಂದು ಕೂದಲೆಳೆಯೂ ತಪ್ಪಿಲ್ಲವೆಂಬ ಹೆಮ್ಮೆಯಲ್ಲಿ ಕೂಗಿದ್ದಳು: "ನಾಲ್ಕು ಎಂಬತ್ತೈದು!"